ಗ್ಯಾರೇಜಿನ ಅಂಗಳದಲ್ಲಿ ಅಮಾನತ್

ಹಲಾಲ್ ಸಂಪಾದನೆಯ ಕುರಿತು ನಮ್ಮ ಮಸೀದಿಗಳಲ್ಲಿ ನಡೆಯುವ ಪ್ರವಚನಗಳಲ್ಲಿ ತಕ್ಕಡಿಯ ಮಾತು ಬರುತ್ತದೆ, ಬಡ್ಡಿಯ ಮಾತು ಬರುತ್ತದೆ, ಹಾಲಿಗೆ ನೀರು ಬೆರೆಸುವವನ ಮಾತೂ ಬರುತ್ತದೆ. ಕಾರಿನ ಗ್ಯಾರೇಜಿನ ಮಾತು ಬಂದದ್ದನ್ನು ನಾವು ಕೇಳಿಲ್ಲ. ಆದರೆ ಇಂದು ಮಧ್ಯಮ ವರ್ಗದ ಒಂದು ಕುಟುಂಬದ ಕೈಯಿಂದ ಒಂದೇ ಮಧ್ಯಾಹ್ನದಲ್ಲಿ ಮೂವತ್ತು ನಲವತ್ತು ಸಾವಿರ ರೂಪಾಯಿ ಹೊರಟುಹೋಗುವ ಸ್ಥಳಗಳನ್ನು ಎಣಿಸಿದರೆ ಆಸ್ಪತ್ರೆಯ ನಂತರ ಗ್ಯಾರೇಜೇ ಬರುತ್ತದೆ. ಕಿರಾಣಿ ಅಂಗಡಿಯಲ್ಲಿ ತೊಗರಿಬೇಳೆಯನ್ನು ಅಂಗೈ ಮೇಲೆ ಹಾಕಿಕೊಂಡು ನೋಡಬಹುದು. ಬಟ್ಟೆಯಂಗಡಿಯಲ್ಲಿ ಬಟ್ಟೆಯನ್ನು ಬೆಳಕಿಗೆ ಹಿಡಿಯಬಹುದು. ಗ್ಯಾರೇಜಿನಲ್ಲಿ ಹಾಗಲ್ಲ. ಸರಕು ಚಕ್ರದ ಹಿಂದೆ ಅಡಗಿರುತ್ತದೆ. ಅದು ಸವೆದಿದೆಯೇ ಇಲ್ಲವೇ ಎಂಬುದನ್ನು ಹೇಳುವವನೂ, ಹೊಸದನ್ನು ಮಾರುವವನೂ ಒಬ್ಬನೇ ಆಗಿರುತ್ತಾನೆ. ಕೀಲಿಕೈಯನ್ನು ಕೊಟ್ಟು ಬೆಂಚಿನ ಮೇಲೆ ಕುಳಿತ ಗ್ರಾಹಕನ ಬಳಿ ಇರುವುದು ನಂಬಿಕೆಯೊಂದೇ. ಆದುದರಿಂದ ಇದು ಮೊದಲಿಗೆ ಅಮಾನತ್‌ನ ವಿಷಯ, ಆಮೇಲೆ ಯಂತ್ರದ ವಿಷಯ ಎಂದು ನಾವು ಭಾವಿಸುತ್ತೇವೆ.

ನಮ್ಮ ಮನೆ ಕಲಬುರಗಿಯಲ್ಲಿದೆ, ದುಡಿಮೆ ಕಮಲಾಪುರದಲ್ಲಿ. ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಹೋಗಲು ಸುಮಾರು 35 ಕಿ.ಮೀ., ಬರಲು ಅಷ್ಟೇ. ವಾರಕ್ಕೆ ಆರು ದಿನ ಹೀಗೆ ಓಡಾಡಿದರೆ ವರ್ಷಕ್ಕೆ ಇಪ್ಪತ್ತು ಸಾವಿರ ಕಿ.ಮೀ. ಆಗುತ್ತದೆ. ಈ ದಾರಿ ಟೈರು ಮತ್ತು ಬ್ರೇಕುಗಳನ್ನು ಹೇಗೆ ತಿನ್ನುತ್ತದೆ ಎಂಬುದನ್ನು ತಿಳಿಯದೆ ಗ್ಯಾರೇಜಿನವನ ಮಾತನ್ನು ಅಳೆಯುವುದು ಸಾಧ್ಯವಿಲ್ಲ.

ಏಪ್ರಿಲ್, ಮೇ ತಿಂಗಳುಗಳಲ್ಲಿ ಕಲಬುರಗಿಯ ತಾಪಮಾನ 42 ಡಿಗ್ರಿ ದಾಟುವುದು ನಮಗೆ ಹೊಸದಲ್ಲ. ಡಾಂಬರಿನ ಮೇಲ್ಮೈ ಅದಕ್ಕಿಂತಲೂ ಬಹಳ ಹೆಚ್ಚು ಬಿಸಿಯಾಗಿರುತ್ತದೆ. ಅಂಥ ರಸ್ತೆಯಲ್ಲಿ ಗಾಳಿ ಕಡಿಮೆಯಿರುವ ಟೈರು ಓಡಿದರೆ ಅದರ ಪಕ್ಕೆಗಳು ಪ್ರತಿ ಸುತ್ತಿಗೂ ಮಡಚಿ ಬಿಚ್ಚಿಕೊಳ್ಳುತ್ತವೆ, ಒಳಗಿನಿಂದಲೂ ಕಾಯುತ್ತವೆ. ಬೇಸಿಗೆಯಲ್ಲಿ ಹೆದ್ದಾರಿಯಲ್ಲಿ ಟೈರು ಸಿಡಿಯುವ ಪ್ರಕರಣಗಳಲ್ಲಿ ಬಹಳಷ್ಟಕ್ಕೆ ಮೂಲ ಇದೇ. ಬಿಸಿಲಿಗೆ ಗಾಳಿ ಹಿಗ್ಗುತ್ತದೆಂದು ಬೇಕೆಂದೇ ಕಡಿಮೆ ತುಂಬಿಸುವವರು ನಮ್ಮಲ್ಲಿ ಅನೇಕರಿದ್ದಾರೆ. ಅದು ತಿರುಗುಮುರುಗಾದ ಜಾಣತನ. ಬಾಗಿಲ ಚೌಕಟ್ಟಿನ ಮೇಲೆ ಕಂಪನಿ ಅಂಟಿಸಿದ ಪಟ್ಟಿಯಲ್ಲಿರುವಷ್ಟನ್ನು ಬೆಳಿಗ್ಗೆ ಟೈರು ತಣ್ಣಗಿರುವಾಗ ತುಂಬಿಸುವುದೇ ಸರಿಯಾದ ಕ್ರಮ. ನೈಟ್ರೋಜನ್ ತುಂಬಿಸಿಕೊಳ್ಳಿ ಎಂದು ಒತ್ತಾಯಿಸುವವರಿಗೆ ಒಂದು ಮಾತು ನೆನಪಿಸಬಹುದು: ಅಲ್ಲಾಹನು ಉಚಿತವಾಗಿ ಕೊಟ್ಟ ಗಾಳಿಯಲ್ಲೇ ನೂರಕ್ಕೆ 78 ಭಾಗ ನೈಟ್ರೋಜನ್ ಇದೆ.

ಬ್ರೇಕಿನ ಲೆಕ್ಕ ಬೇರೆ. ಹೆದ್ದಾರಿಯ ಓಟ ಬ್ರೇಕನ್ನು ಹೆಚ್ಚು ಸವೆಸುವುದಿಲ್ಲ, ಸವೆಸುವುದು ತಡೆಗಳು. ಹುಮನಾಬಾದ್ ರಿಂಗ್ ರಸ್ತೆಯ ದಟ್ಟಣೆ, ಮಹಾಗಾಂವ ಕ್ರಾಸಿನಲ್ಲಿ ನಡುರಸ್ತೆಗೆ ಬಂದು ನಿಲ್ಲುವ ಆಟೋ, ಊರು ಊರಿಗೂ ಇರುವ ಉಬ್ಬು, ಸಂಜೆ ಮನೆಗೆ ಮರಳುವ ಎಮ್ಮೆಗಳ ಸಾಲು. ಗಂಟೆಗೆ 80 ಕಿ.ಮೀ. ವೇಗದ ಕಾರನ್ನು ನಿಲ್ಲಿಸಲು ಬ್ರೇಕು ನುಂಗಬೇಕಾದ ಶಕ್ತಿ 40ರ ವೇಗಕ್ಕಿಂತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದೆಲ್ಲವೂ ಪ್ಯಾಡು ಮತ್ತು ಡಿಸ್ಕುಗಳಲ್ಲಿ ಶಾಖವಾಗಿ ಮಾರ್ಪಡುತ್ತದೆ. ನಿಲ್ಲುವಾಗ ಕಾರಿನ ಭಾರ ಮುಂದಕ್ಕೆ ವಾಲುವುದರಿಂದ ಕೆಲಸದ ದೊಡ್ಡ ಪಾಲು ಮುಂದಿನ ಬ್ರೇಕುಗಳದ್ದೇ. ಹೀಗಾಗಿ ಒಂದೇ ಕಂಪನಿಯ, ಒಂದೇ ವರ್ಷದ ಎರಡು ಕಾರುಗಳ ಪ್ಯಾಡುಗಳು ಒಂದೇ ಕಿಲೋಮೀಟರಿಗೆ ಸವೆಯುವುದಿಲ್ಲ. ಒಬ್ಬನದು 25 ಸಾವಿರಕ್ಕೆ ಮುಗಿದರೆ ಇನ್ನೊಬ್ಬನದು 60 ಸಾವಿರ ಬಾಳಬಹುದು. ಪ್ಯಾಡನ್ನು ಅಳೆಯದೆ, ಮೀಟರನ್ನು ಮಾತ್ರ ನೋಡಿ ತೀರ್ಪು ಕೊಡುವವನು ಅಂದಾಜು ಹೇಳುತ್ತಿದ್ದಾನೆ, ಅಷ್ಟೆ.

ಇನ್ನು ನಮ್ಮ ಅನುಭವ. ಕಮಲಾಪುರದಲ್ಲಿ ಒಂದು ದಿನ ಮುಂದಿನ ಟೈರಿಗೆ ಮೊಳೆ ಚುಚ್ಚಿತು. ಪಂಕ್ಚರ್ ಅಂಗಡಿಯ ಹುಡುಗ ಚಕ್ರವನ್ನು ಬಿಚ್ಚಿ, ಟೈರಿನ ಮೇಲೆ ಅಂಗೈ ಆಡಿಸಿ, “ಚಾಚಾ, ಒಳಗಿನ ಬದಿ ತಿಂದದರಿ. ಹೊರಗ ನಿಂತು ನೋಡಿದ್ರ ಕಾಣಂಗಿಲ್ಲ” ಎಂದ. ಆಗ ಮೀಟರ್ 71 ಸಾವಿರ ತೋರಿಸುತ್ತಿತ್ತು. ಟೈರುಗಳನ್ನೂ ಮುಂದಿನ ಬ್ರೇಕ್ ಪ್ಯಾಡುಗಳನ್ನೂ 40 ಸಾವಿರದಲ್ಲಿ ಬದಲಿಸಿದ್ದೆವು. ಸರ್ವಿಸಿನ ದಿನವೂ ಸಮೀಪಿಸಿತ್ತು. ಕಲಬುರಗಿಯಲ್ಲಿ ನಾವು ಕಾರು ಕೊಂಡ ಶೋರೂಮಿನ ಸರ್ವಿಸ್ ಸೆಂಟರಿಗೆ ಹೋಗಿ, ಆ ಹುಡುಗ ಹೇಳಿದ ಮಾತನ್ನು ಸಲಹೆಗಾರರಿಗೆ ತಿಳಿಸಿ, ಕೀಲಿ ಕೊಟ್ಟು ಬಂದೆವು. ಎರಡು ಗಂಟೆಯ ನಂತರ ಮೊಬೈಲಿಗೆ ಅಂದಾಜು ಪಟ್ಟಿ ಬಂತು. ನಾಲ್ಕು ಟೈರು 22,000. ಬ್ರೇಕ್ ಪ್ಯಾಡ್ 2,800. ಎರಡು ಡಿಸ್ಕು 5,500. ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ 1,000. ಕೂಲಿ 2,000. ಥ್ರಾಟಲ್ ಬಾಡಿ ಕ್ಲೀನಿಂಗ್, ಎಂಜಿನ್ ಡ್ರೆಸ್ಸಿಂಗ್, ಎ.ಸಿ.ಗೆ ಸಿಂಪಡಿಸುವ ಔಷಧಿ ಎಲ್ಲ ಸೇರಿ 3,200. ಒಟ್ಟು 36,500 ರೂಪಾಯಿ. ಎಂದಿನ ಆಯಿಲ್ ಸರ್ವಿಸಿನ ಖರ್ಚು ಇದರ ಹೊರಗೆ.

ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಕೇಳಿದೆವು. “ಸರ್, ಸೇಫ್ಟಿ ವಿಷಯ. ಫ್ಯಾಮಿಲಿ ಕರೆದುಕೊಂಡು ಓಡಾಡ್ತೀರಿ” ಎಂಬ ಉತ್ತರ ಬಂತು. ಉತ್ತರದಲ್ಲಿ ಸಂಖ್ಯೆ ಇರಲಿಲ್ಲ. ಕುಟುಂಬದ ಹೆಸರೆತ್ತಿದಾಗ ಯಾವ ತಂದೆಯ ಮನಸ್ಸೂ ಅಳುಕುತ್ತದೆ, ಹಣ ಕೊಟ್ಟುಬಿಡೋಣ ಎನಿಸುತ್ತದೆ. ನಾವು ಆಯಿಲ್ ಸರ್ವಿಸ್ ಮಾತ್ರ ಮಾಡಿಸಿ, ಉಳಿದುದನ್ನು ಎರಡು ದಿನ ತಡೆಯಿರಿ ಎಂದು ಹೇಳಿ ಕಾರನ್ನು ತಂದೆವು.

ಮರುದಿನ ನಮ್ಮ ಬಡಾವಣೆಯ ಹಳೆಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆವು. ಅವರು ಲಿಂಗಾಯತರು, ಆದರೂ ಇಡೀ ಓಣಿ ಅವರನ್ನು ಕರೆಯುವುದು ಉಸ್ತಾದ್ ಎಂದೇ. ಕಲಬುರಗಿಯಲ್ಲಿ ಇದು ಯಾರಿಗೂ ವಿಚಿತ್ರವೆನಿಸದು. ಅವರು ಕಾರನ್ನು ಜ್ಯಾಕಿನ ಮೇಲೆ ಎತ್ತಿ, ನಾಲ್ಕೂ ಚಕ್ರ ಬಿಚ್ಚಿ, ಆಳ ಅಳೆಯುವ ಗೇಜನ್ನು ನಮ್ಮ ಕೈಗೇ ಕೊಟ್ಟರು. ಹಿಂದಿನ ಎರಡೂ ಟೈರುಗಳಲ್ಲಿ 4.5 ಮಿ.ಮೀ. ಇತ್ತು. ಮುಂದಿನವುಗಳಲ್ಲಿ ಹೊರಬದಿ 4.5, ಒಳಬದಿ 2. ಪ್ಯಾಡಿನಲ್ಲಿ 5 ಮಿ.ಮೀ. ಉಳಿದಿತ್ತು, 3ಕ್ಕೆ ಬಂದಾಗ ಬದಲಿಸುವುದು ವಾಡಿಕೆ. ಡಿಸ್ಕಿನ ಅಂಚಿನಲ್ಲಿ ಕನಿಷ್ಠ ದಪ್ಪ ಎಷ್ಟಿರಬೇಕೆಂದು ಕೆತ್ತಿರುತ್ತದೆ. ನಮ್ಮದು ಅದಕ್ಕಿಂತ ದಪ್ಪವಾಗಿಯೇ ಇತ್ತು. ಆಮೇಲೆ ಅವರು ಮುಂದಿನ ಚಕ್ರದ ಕೆಳಗಿನ ತೋಳಿಗೆ ಸಲಾಕೆ ಕೊಟ್ಟು ಅಲುಗಾಡಿಸಿದರು. ರಬ್ಬರಿನ ಬುಷ್ ಹರಿದು ಬಾಯಿಬಿಟ್ಟಿತ್ತು. “ಟೈರ್ ತಿಂದಿದ್ದು ರೋಡ್ ಅಲ್ರಿ ಸಾಹೇಬ್ರ, ಇದು ತಿಂದದ. ನಾಕೂ ಹೊಸಾವು ಹಾಕಿದ್ರೂ ಆರು ತಿಂಗಳಾಗ ಮತ್ತ ಹಿಂಗೇ ಆಗ್ತಾವ” ಎಂದರು.

ಇಲ್ಲಿ ಹಣದ ಲೆಕ್ಕಕ್ಕಿಂತ ದೊಡ್ಡ ಸಂಗತಿಯೊಂದಿದೆ. ಶೋರೂಮಿನ ಪಟ್ಟಿಯಲ್ಲಿ ಬೇಡದ್ದು ಬಹಳ ಇತ್ತು, ಬೇಕಾದದ್ದು ಇರಲಿಲ್ಲ. ಬುಷ್ ಹರಿದಿರುವುದನ್ನು ಯಾರೂ ನೋಡಿರಲಿಲ್ಲ. 36,500 ರೂಪಾಯಿ ತೆತ್ತ ನಂತರವೂ ಆ ಕಾರು ಹೆದ್ದಾರಿಯಲ್ಲಿ ಸಡಿಲವಾದ ಚಕ್ರದೊಂದಿಗೇ ಓಡುತ್ತಿತ್ತು, ಹೊಸ ಟೈರು ನೋಡಿ ನಾವು ನಿಶ್ಚಿಂತರಾಗಿರುತ್ತಿದ್ದೆವು.

ಪವಿತ್ರ ಕುರ್‌ಆನ್‌ನ ಅಲ್ ಕಸಸ್ ಅಧ್ಯಾಯದಲ್ಲಿ ಪ್ರವಾದಿ ಮೂಸಾ(ಅ) ಮದ್‌ಯನ್‌ಗೆ ಬಂದ ಪ್ರಸಂಗವಿದೆ. ಅಲ್ಲಿನ ಹಿರಿಯರ ಮಗಳು ಮೂಸಾರನ್ನು ಕೆಲಸಕ್ಕಿಟ್ಟುಕೊಳ್ಳುವಂತೆ ತಂದೆಗೆ ಸೂಚಿಸುತ್ತಾ, ದುಡಿಮೆಗೆ ಇಟ್ಟುಕೊಳ್ಳಲು ಯೋಗ್ಯನಾದವನಲ್ಲಿ ಎರಡು ಗುಣಗಳನ್ನು ಗುರುತಿಸುತ್ತಾಳೆ: ಬಲ ಮತ್ತು ವಿಶ್ವಾಸಾರ್ಹತೆ. ಬಲವೆಂದರೆ ಆ ಕೆಲಸವನ್ನು ಮಾಡುವ ಸಾಮರ್ಥ್ಯ. ನಾವು ಗ್ಯಾರೇಜುಗಳನ್ನು ಕುರಿತು ಮಾತನಾಡುವಾಗ ಎರಡನೆಯದನ್ನು ಮಾತ್ರ ಹಿಡಿದುಕೊಳ್ಳುತ್ತೇವೆ. ಶೋರೂಮಿನವರು ದೋಚುತ್ತಾರೆ, ಬೀದಿಬದಿಯ ಮಿಸ್ತ್ರಿ ಪಾಪ ಒಳ್ಳೆಯವನು ಎಂದು ಬೇಗನೆ ತೀರ್ಮಾನಿಸುತ್ತೇವೆ. ವಾಸ್ತವ ಅಷ್ಟು ಸರಳವಲ್ಲ. ನಮ್ಮ ಬಂಧುವೊಬ್ಬರಿಗೆ ನಂಬಿಕಸ್ಥ ಮಿಸ್ತ್ರಿಯೊಬ್ಬರು ಬಿಡಿಭಾಗದ ಅಂಗಡಿಯಿಂದ ತಂದು ಹಾಕಿದ ಬ್ರೇಕ್ ಪ್ಯಾಡುಗಳು ಎಂಟು ಸಾವಿರ ಕಿ.ಮೀ.ಗೇ ಮುಗಿದು ಡಿಸ್ಕಿಗೂ ಗೀರು ಬಿದ್ದಿತು. ಡಬ್ಬಿಯ ಮೇಲೆ ಹೆಸರಾಂತ ಕಂಪನಿಯ ಮುದ್ರೆಯಿತ್ತು, ಒಳಗಿನ ಸರಕು ನಕಲಿ. ಮಿಸ್ತ್ರಿ ಸುಳ್ಳುಗಾರರಾಗಿರಲಿಲ್ಲ, ಅವರೂ ಮೋಸಹೋಗಿದ್ದರು. ಇತ್ತ ಇದೇ ಶೋರೂಮಿನ ತಂತ್ರಜ್ಞರೊಬ್ಬರು ಎರಡು ವರ್ಷಗಳ ಹಿಂದೆ ನಮ್ಮ ಕಾರಿನ ಹಿಂದಿನ ಚಕ್ರದ ಬ್ರೇಕ್ ಸಿಲಿಂಡರಿನಿಂದ ಆಯಿಲ್ ಜಿನುಗುವುದನ್ನು ಕಂಡುಹಿಡಿದು, ರಿಪೇರಿಯಾಗದೆ ಗಾಡಿ ಬಿಡುವುದಿಲ್ಲವೆಂದು ಪಟ್ಟುಹಿಡಿದಿದ್ದರು. ಅವರು ನಮ್ಮ ಮಕ್ಕಳ ಜೀವ ಉಳಿಸಿದವರೆಂದರೆ ಉತ್ಪ್ರೇಕ್ಷೆಯಾಗದು. ಎ.ಬಿ.ಎಸ್. ದೀಪ ಹೊತ್ತಿದರೆ ಅದರ ಕಾರಣ ಓದುವ ಯಂತ್ರ ಅಲ್ಲಿದೆ, ನಮ್ಮ ಉಸ್ತಾದರಲ್ಲಿಲ್ಲ. ಉಸ್ತಾದರೇ ಅದನ್ನು ಹೇಳುತ್ತಾರೆ, ಅಲ್ಲಿಗೇ ಕಳುಹಿಸುತ್ತಾರೆ.

ಹಾಗಾದರೆ ಒಳ್ಳೆಯ ತಂತ್ರಜ್ಞರಿರುವ ಕಡೆಯಿಂದಲೇ ಇಂಥ ಪಟ್ಟಿ ಏಕೆ ಬರುತ್ತದೆ? ಕೆಲಸ ಮಾಡುವವನು ಬೇರೆ, ಮಾರುವವನು ಬೇರೆ ಆಗಿರುವುದೇ ಮುಖ್ಯ ಕಾರಣ. ನಮ್ಮೊಡನೆ ಮಾತನಾಡುವ ಸಲಹೆಗಾರನ ಮೇಲೆ ಪ್ರತಿ ಗಾಡಿಗೆ ಇಷ್ಟು ಬಿಲ್ಲಾಗಬೇಕು, ಇಷ್ಟು ಕ್ಲೀನಿಂಗ್ ಮಾರಾಟವಾಗಬೇಕು ಎಂಬ ಗುರಿ ಇರುವುದು ಈ ವ್ಯಾಪಾರದಲ್ಲಿ ಸಾಮಾನ್ಯ. ಚಕ್ರ ಬಿಚ್ಚಿದ ಕೈ ನಮಗೆ ಕಾಣುವುದೇ ಇಲ್ಲ. ಕಲಬುರಗಿ ಕೋಟೆಯೊಳಗಿನ ಜಾಮಿಯಾ ಮಸೀದಿಯ ಶಾಸನವು 1367ರ ಆ ಕಟ್ಟಡವನ್ನು ಕಟ್ಟಿದ ಕಜ್ವೀನಿನ ರಫೀ ಎಂಬವರ ಹೆಸರನ್ನು ಇಂದಿಗೂ ಹೇಳುತ್ತದೆ. ನಮ್ಮ ಕಾರಿನ ಬ್ರೇಕನ್ನು ಕಳೆದ ತಿಂಗಳು ಜೋಡಿಸಿದವರ ಹೆಸರು ನಮಗೆ ಗೊತ್ತಿರುವುದಿಲ್ಲ.

ಬಿಡಿಭಾಗಗಳ ಕಥೆ ಇನ್ನೂ ದೊಡ್ಡದು. 2014ರ ಆಗಸ್ಟ್ 25ರಂದು ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತು. ಅಸಲಿ ಬಿಡಿಭಾಗಗಳನ್ನೂ ದುರಸ್ತಿಯ ಮಾಹಿತಿಯನ್ನೂ ಹೊರಗಿನ ಗ್ಯಾರೇಜುಗಳಿಗೆ ಸುಲಭವಾಗಿ ಸಿಗದಂತೆ ತಡೆದು, ಗ್ರಾಹಕನು ತಮ್ಮ ಡೀಲರುಗಳ ಬಳಿಗೇ ಬರುವಂತೆ ಮಾಡಿದ್ದಾರೆ ಎಂಬುದು ಅದರ ನಿಲುವಾಗಿತ್ತು. ಕಂಪನಿಗಳು ಮೇಲ್ಮನವಿ ಹೋದವು; ಆ ವ್ಯಾಜ್ಯದ ವಿವರ ಇಲ್ಲಿ ಬೇಡ. ನಕಲಿ ಪ್ಯಾಡು ಹಾಕಿದ ಆ ಮಿಸ್ತ್ರಿಯ ಸಂಕಟಕ್ಕೂ ಬೆಂಗಳೂರು, ದೆಹಲಿಗಳ ದೊಡ್ಡ ವ್ಯಾಪಾರಕ್ಕೂ ಸಂಬಂಧವಿದೆ ಎಂಬುದು ಇದರಿಂದ ಅರಿವಾಗುತ್ತದೆ. ಅಸಲಿ ಸರಕನ್ನು ಬಚ್ಚಿಟ್ಟ ಪೇಟೆಯಲ್ಲಿ ನಕಲಿಗೆ ಜಾಗ ಸಿಗುತ್ತದೆ.

ಪ್ರವಾದಿ ಮುಹಮ್ಮದ್(ಸ)ರು ಮಾರುಕಟ್ಟೆಯಲ್ಲಿ ಧಾನ್ಯದ ರಾಶಿಯೊಳಗೆ ಕೈಯಿಟ್ಟು ನೋಡಿದ ಪ್ರಸಂಗ ಸಹೀಹ್ ಮುಸ್ಲಿಮ್‌ನಲ್ಲಿ ವರದಿಯಾಗಿದೆ. ಬೆರಳಿಗೆ ತೇವ ತಾಗಿತು. ಮಳೆ ಬಿದ್ದು ನೆನೆದಿದೆ ಎಂದು ವ್ಯಾಪಾರಿ ಹೇಳಿದಾಗ, ನೆನೆದ ಭಾಗವನ್ನು ಜನರಿಗೆ ಕಾಣುವಂತೆ ಮೇಲೆ ಇಡಬೇಕಿತ್ತಲ್ಲವೇ ಎಂದು ಕೇಳಿ, ವಂಚಿಸುವವನು ತಮ್ಮವನಲ್ಲವೆಂದು ಎಚ್ಚರಿಸಿದರು. ಈ ಹದೀಸನ್ನು ನಾವು ವ್ಯಾಪಾರಿಯ ಪಾಠವಾಗಿ ನೂರು ಬಾರಿ ಕೇಳಿದ್ದೇವೆ. ಇನ್ನೊಂದು ಕಡೆಯಿಂದಲೂ ಅದನ್ನು ಓದಬಹುದು. ಪ್ರವಾದಿ(ಸ)ರು ದೂರ ನಿಂತು ಆ ವ್ಯಾಪಾರಿಯ ಬಗ್ಗೆ ಸಂಶಯಪಡಲಿಲ್ಲ, ಮೇಲಿನ ಒಣ ಕಾಳನ್ನು ನೋಡಿ ನಂಬಿಯೂ ಬಿಡಲಿಲ್ಲ. ಕೈಯಿಟ್ಟು ನೋಡಿದರು.

ಅಲ್ ಹುಜುರಾತ್ ಅಧ್ಯಾಯದಲ್ಲಿ ಅತಿಯಾದ ಗುಮಾನಿಯಿಂದ ದೂರವಿರಬೇಕೆಂಬ ಆಜ್ಞೆಯಿದೆ. ಕೆಲವು ಗುಮಾನಿಗಳು ಪಾಪವೆಂದೂ ಹೇಳಲಾಗಿದೆ. ಅದೇ ಅಧ್ಯಾಯದಲ್ಲಿ, ಕೆಲವೇ ಸೂಕ್ತಗಳ ಹಿಂದೆ, ನೆಚ್ಚಲಾಗದವನು ಸುದ್ದಿ ತಂದರೆ ಸತ್ಯಾಸತ್ಯತೆಯನ್ನು ಖಚಿತಪಡಿಸಿಕೊಳ್ಳಬೇಕೆಂಬ ಆಜ್ಞೆಯೂ ಇದೆ. ಆ ಸೂಕ್ತದ ಸಂದರ್ಭ ಬೇರೆಯಾದರೂ ಅದು ಕಲಿಸುವ ಶಿಸ್ತು ನಮ್ಮ ವ್ಯವಹಾರಗಳಿಗೂ ಬೇಕು. ಗುಮಾನಿ ಬೇರೆ, ಖಚಿತಪಡಿಸಿಕೊಳ್ಳುವುದು ಬೇರೆ. ಎಲ್ಲ ಗ್ಯಾರೇಜಿನವರೂ ಕಳ್ಳರು ಎನ್ನುವುದು ಗುಮಾನಿ. ಅದು ಪ್ರಾಮಾಣಿಕನ ಮೇಲೂ ಅಪವಾದ ಹೊರಿಸುತ್ತದೆ. ಎಷ್ಟು ಮಿಲಿಮೀಟರ್ ಉಳಿದಿದೆ, ತೋರಿಸಿ ಎನ್ನುವುದು ಖಚಿತಪಡಿಸಿಕೊಳ್ಳುವಿಕೆ. ಪ್ರಾಮಾಣಿಕನಿಗೆ ಅದರಿಂದ ನೋವಾಗುವುದಿಲ್ಲ, ಅವನ ಗೌರವ ಹೆಚ್ಚುತ್ತದೆ. ಬಿಚ್ಚಿದ ಹಳೆಯ ಭಾಗವನ್ನು ಕೈಗೆ ಕೊಡಿ ಎಂದು ಮೊದಲೇ ಹೇಳುವುದು, ಅಂದಾಜನ್ನು ಬರವಣಿಗೆಯಲ್ಲಿ ಕೇಳುವುದು, ಒಪ್ಪಿಗೆಯಿಲ್ಲದೆ ಹೊಸ ಕೆಲಸ ಮಾಡಬೇಡಿ ಎಂದು ಜಾಬ್ ಕಾರ್ಡಿನ ಮೇಲೆ ಬರೆಸುವುದು ಅವಮರ್ಯಾದೆಯಲ್ಲ. ಕುರ್‌ಆನ್‌ನ ಅತ್ಯಂತ ದೀರ್ಘ ಸೂಕ್ತವು ಸಾಲದ ವ್ಯವಹಾರವನ್ನು ಬರೆದಿಡುವುದರ ಕುರಿತಾಗಿದೆ. ಪರಸ್ಪರ ಪ್ರೀತಿಯಿರುವ ಸಹಾಬಿಗಳ ಸಮಾಜಕ್ಕೇ ಆ ಆದೇಶ ಬಂದಿತ್ತು.

ಹಿಜ್ರಾದ ಘಟನೆಯೊಂದು ನಮಗೆ ಇಲ್ಲಿ ಪದೇ ಪದೇ ನೆನಪಾಗುತ್ತದೆ. ಮಕ್ಕಾದಿಂದ ಹೊರಡುವಾಗ ಪ್ರವಾದಿ(ಸ) ಮತ್ತು ಅಬೂಬಕ್ಕರ್(ರ) ಅವರು ದಾರಿ ತೋರಿಸಲು ಅಬ್ದುಲ್ಲಾ ಬಿನ್ ಉರೈಕಿತ್ ಎಂಬವನನ್ನು ಕೂಲಿಗೆ ಗೊತ್ತುಮಾಡಿದರು. ಆತ ಆಗ ಮುಸ್ಲಿಮನಾಗಿರಲಿಲ್ಲ, ಕುರೈಶರ ಧರ್ಮದವನೇ. ಆದರೆ ಮರುಭೂಮಿಯ ದಾರಿಗಳನ್ನು ಬಲ್ಲ ನಿಪುಣ, ಜೊತೆಗೆ ನಂಬಿಕಸ್ಥ. ತಮ್ಮ ಎರಡು ಒಂಟೆಗಳನ್ನು ಅವನ ಕೈಗೆ ಒಪ್ಪಿಸಿ, ಮೂರು ರಾತ್ರಿಗಳ ನಂತರ ಸೌರ್ ಗುಹೆಯ ಬಳಿ ತರಬೇಕೆಂದು ಹೇಳಿದರು. ತಲೆಗೆ ಬಹುಮಾನ ಘೋಷಿಸಲಾಗಿದ್ದ ದಿನಗಳವು. ವಾಹನವನ್ನೂ ಜೀವವನ್ನೂ ಒಬ್ಬ ಕೂಲಿಯವನ ಕೈಗಿಟ್ಟರು, ಅವನು ಮಾತಿನಂತೆ ಬಂದ. ನಮ್ಮವನ ಗ್ಯಾರೇಜು, ಅವರವನ ಗ್ಯಾರೇಜು ಎಂದು ಫಲಕದ ಮೇಲಿನ ಹೆಸರು ನೋಡಿ ಕಾರು ನಿಲ್ಲಿಸುವವರು ಈ ಘಟನೆಯನ್ನು ಒಮ್ಮೆ ನಿಧಾನವಾಗಿ ಓದುವುದು ಒಳ್ಳೆಯದು.

ಇಸ್ಲಾಮೀ ನಗರಗಳಲ್ಲಿ ಮಾರುಕಟ್ಟೆಯ ಮೇಲ್ವಿಚಾರಣೆಗೆ ಮುಹ್ತಸಿಬ್ ಎಂಬ ಅಧಿಕಾರಿಯಿರುತ್ತಿದ್ದರು. 12ನೇ ಶತಮಾನದ ಸಿರಿಯಾದ ಅಶ್ಶೈಝರೀ ಅವರು ಅಂಥ ಅಧಿಕಾರಿಗಾಗಿ ಬರೆದ ಕೈಪಿಡಿಯಲ್ಲಿ ಒಂದೊಂದು ಕಸುಬಿಗೂ ಒಂದೊಂದು ಅಧ್ಯಾಯವಿದೆ. ಪ್ರಾಣಿಗಳಿಗೆ ಲಾಳ ಹೊಡೆದು ಚಿಕಿತ್ಸೆ ಮಾಡುವವರಿಗೂ ಒಂದಿದೆ. ತಿಳಿಯದೆ ಪ್ರಾಣಿಯ ಮೈಗೆ ಕೈಹಾಕುವುದನ್ನು ತಡೆಯುವಷ್ಟು ಧರ್ಮಭಯ ಅವನಲ್ಲಿರಬೇಕು ಎಂಬುದು ಅದರ ಆಶಯ. ಲಾಳದ ಜಾಗಕ್ಕೆ ಇಂದು ಟೈರು ಬಂದಿದೆ. ಹಲವರ ವಸ್ತುಗಳನ್ನು ಪಡೆದು ಕೂಲಿಗೆ ಕೆಲಸ ಮಾಡುವ ಕುಶಲಕರ್ಮಿಯ ಹೊಣೆಯ ಬಗ್ಗೆ ಫಿಕ್‌ಹ್ ವಿದ್ವಾಂಸರು ದೀರ್ಘವಾಗಿ ಚರ್ಚಿಸಿದ್ದಾರೆ. ಅಂಥವರ ಕೈಯಲ್ಲಿ ಹಾಳಾದುದಕ್ಕೆ ಅವರನ್ನೇ ಹೊಣೆಯಾಗಿಸಿದರೆಂದೂ, ಜನರ ಹಿತ ಕಾಯಲು ಅದೇ ದಾರಿಯೆಂದು ಕಂಡರೆಂದೂ ಹಝ್ರತ್ ಅಲೀ(ರ) ಅವರ ಕುರಿತು ವರದಿಯಿದೆ. ಇಂದು ಮುಹ್ತಸಿಬ್ ಇಲ್ಲ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಇದೆ. 1915 ಸಂಖ್ಯೆಗೆ ಕರೆ ಮಾಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಆದರೆ ಅಲ್ಲಿ ನಿಲ್ಲಬೇಕಾದರೂ ಬರಹದ ದಾಖಲೆ ಬೇಕು.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಕಡೆಯ ತಕ್ಕಡಿಯನ್ನೂ ನೋಡಬೇಕು. ವಿಮೆಯ ಕ್ಲೇಮು ಹಾಕುವಾಗ ಎರಡು ವರ್ಷದ ಹಿಂದಿನ ಗೀರನ್ನೂ ಅದರಲ್ಲೇ ಸೇರಿಸಿಬಿಡಿ ಎಂದು ಗ್ಯಾರೇಜಿನವನ ಹೆಗಲ ಮೇಲೆ ಕೈಹಾಕುವವರು ನಮ್ಮಲ್ಲಿ ಕಡಿಮೆಯಿಲ್ಲ. ನಮಗಾಗಿ ಸುಳ್ಳು ಬರೆಯಬಲ್ಲವನು ನಮಗೂ ಸುಳ್ಳು ಬರೆಯಬಲ್ಲ ಎಂಬುದು ಆಗ ಹೊಳೆಯುವುದಿಲ್ಲ. ಹಳೆಯ ಕಾರನ್ನು ಮಾರುವಾಗ ಬ್ರೇಕು ಸಡಿಲವಿರುವುದನ್ನು ಹೇಳದಿರುವುದೂ ಅದೇ ನೆನೆದ ಧಾನ್ಯ. ಕೊಳ್ಳುವವನೂ ಮಾರುವವನೂ ಸತ್ಯ ನುಡಿದು, ದೋಷವನ್ನು ಬಿಚ್ಚಿಟ್ಟರೆ ಅವರ ವ್ಯವಹಾರದಲ್ಲಿ ಬರಕತ್ ಇರುತ್ತದೆಂದೂ, ಮುಚ್ಚಿಟ್ಟರೆ ಅದು ಅಳಿಸಿಹೋಗುತ್ತದೆಂದೂ ಪ್ರವಾದಿ(ಸ)ರು ತಿಳಿಸಿರುವುದು ಇಬ್ಬರಿಗೂ ಸಂಬಂಧಿಸಿದ ಮಾತು. ಶೋರೂಮಿನಲ್ಲಿ ಮುದ್ರಿತ ಬಿಲ್ಲಿಗೆ ಬಾಯಿಮುಚ್ಚಿ ಕಾರ್ಡು ಉಜ್ಜುವವರು, ಬಿಸಿಲಲ್ಲಿ ನಾಲ್ಕು ಚಕ್ರ ಬಿಚ್ಚಿ ತೋರಿಸಿದ ಉಸ್ತಾದರ ಬಳಿ ಇನ್ನೂರು ರೂಪಾಯಿಗೆ ಚೌಕಾಸಿ ಮಾಡುತ್ತಾರೆ. ಕೆಲವರು ಜುಮಾದ ನಂತರ ಕೊಡುತ್ತೇನೆಂದು ಹೋಗಿ ತಿಂಗಳು ಕಳೆಯುತ್ತಾರೆ. ಬೆವರು ಆರುವ ಮುನ್ನ ಕೂಲಿ ಕೊಡಬೇಕೆಂಬುದನ್ನು ಮಿಂಬರಿನಿಂದ ಕೇಳಿ ಬಂದ ಮಧ್ಯಾಹ್ನವೇ ಇದು ನಡೆಯುತ್ತದೆ. ನಮ್ಮ ಉಸ್ತಾದರು ಅಂದು ನೋಡಿದ್ದಕ್ಕೆ ಹಣ ಬೇಡವೆಂದರು. ನೋಡುವುದೇ ಇಲ್ಲಿ ದೊಡ್ಡ ಕೆಲಸವೆಂದು ಹೇಳಿ ನಾವು ಕೊಟ್ಟೆವು.

ಉಳಿತಾಯದ ಮಾತು ಬಂದಾಗ ಇನ್ನೊಂದು ಅತಿರೇಕವೂ ಇದೆ. ಟೈರಿನ ಸೀಳುಗಳ ನಡುವೆ ಸಣ್ಣ ದಿಬ್ಬಗಳಿರುತ್ತವೆ. ಮೇಲ್ಮೈ ಅವುಗಳ ಮಟ್ಟಕ್ಕೆ ಬಂದರೆ ಉಳಿದಿರುವುದು 1.6 ಮಿ.ಮೀ., ಅಂದರೆ ಕಾರಿನ ಟೈರಿಗೆ ಅದೇ ಕೊನೆಯ ಗೆರೆ. ಮಳೆಗಾಲದಲ್ಲಿ ಅದಕ್ಕೂ ಮೊದಲೇ ಟೈರು ನೀರನ್ನು ಹೊರದೂಡಲಾರದೆ ತೇಲತೊಡಗುತ್ತದೆ. ಪಕ್ಕೆಯ ಮೇಲಿನ ನಾಲ್ಕು ಅಂಕೆಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2322 ಎಂದಿದ್ದರೆ 2022ರ 23ನೇ ವಾರ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಎರಡು ವರ್ಷಕ್ಕೊಮ್ಮೆಯಾದರೂ ಬದಲಿಸದಿದ್ದರೆ ಬಿಸಿಯಾದಾಗ ಕುದಿದು, ಕಾಲಿನ ಕೆಳಗೆ ಪೆಡಲು ಪೊಳ್ಳಾಗುತ್ತದೆ. ಇವನ್ನು ಮುಂದೂಡಿ ಮದುವೆಯ ಮೆರವಣಿಗೆಗೆ ಕಾರನ್ನು ಹೂವಿನಿಂದ ಅಲಂಕರಿಸುವುದನ್ನು ನಾವು ನೋಡುತ್ತಿದ್ದೇವೆ. 2022ರ ಜೂನ್ 3ರಂದು ಗೋವಾದಿಂದ ಹೈದರಾಬಾದಿಗೆ ಮರಳುತ್ತಿದ್ದ ಖಾಸಗಿ ಬಸ್ಸು ಕಮಲಾಪುರದ ಬಳಿ ಸರಕು ವಾಹನಕ್ಕೆ ಡಿಕ್ಕಿಯಾಗಿ ಬೆಂಕಿ ಹತ್ತಿ ಏಳು ಜನ ಸುಟ್ಟುಹೋದರು. ಅದು ಟೈರಿನಿಂದಲೋ ಬ್ರೇಕಿನಿಂದಲೋ ಆಯಿತೆಂದು ನಾವು ಹೇಳುತ್ತಿಲ್ಲ. ಆ ದಾರಿಯಲ್ಲಿ ದಿನವೂ ಸಾಗುವವರಿಗೆ ಎದುರಿನಿಂದ ಬರುವ ಪ್ರತಿ ವಾಹನವೂ ಯಾರದೋ ಕುಟುಂಬವೆಂಬ ಅರಿವು ಅಂದಿನಿಂದ ಹೆಚ್ಚಾಗಿದೆ. ಒಂಟೆಯನ್ನು ಕಟ್ಟಿ ಆಮೇಲೆ ಅಲ್ಲಾಹನ ಮೇಲೆ ಭರವಸೆಯಿಡಬೇಕೆಂಬ ಪ್ರವಾದಿ ಬೋಧನೆ ನಮಗೆಲ್ಲ ಬಾಯಿಪಾಠ. ಕನ್ನಡಿಗೆ ಆಯತುಲ್ ಕುರ್ಸಿ ನೇತುಹಾಕಿ, ಸವೆದ ಪ್ಯಾಡಿನ ಕಿರುಚಾಟವನ್ನು ರೇಡಿಯೋದ ಸದ್ದಿನಲ್ಲಿ ಮುಚ್ಚುವುದು ತವಕ್ಕುಲ್ ಆಗಲಾರದು.

ನಮ್ಮ ಕಾರಿಗೆ ಕೊನೆಗೆ ಆದದ್ದಿಷ್ಟು. ಬುಷ್‌ಗಳನ್ನು ಬದಲಿಸಲು 1,800, ಎರಡು ಹೊಸ ಟೈರಿಗೆ 11,000, ಅಲೈನ್‌ಮೆಂಟಿಗೆ 600. ಎರಡೇ ಹೊಸ ಟೈರು ಹಾಕುವಾಗ ಅವು ಹಿಂದಿನ ಚಕ್ರಗಳಿಗೇ ಹೋಗಬೇಕು. ಒದ್ದೆ ರಸ್ತೆಯಲ್ಲಿ ಹಿಂಭಾಗ ಜಾರಿದರೆ ಹಿಡಿತಕ್ಕೆ ತರುವುದು ಕಷ್ಟ. ಉಸ್ತಾದರು ಹಾಗೆಯೇ ಮಾಡಿ, ಹಿಂದಿನವನ್ನು ಮುಂದಕ್ಕೆ ಹಾಕಿದರು. (ಹಳೆಯ ಬಿಲ್ಲುಗಳಲ್ಲಿ ಟೈರಿನ ಮೇಲೆ ಶೇ. 28 ಇದ್ದ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ, ಬಿಲ್ಲು ಪಡೆಯುವಾಗ ನೋಡಿಕೊಳ್ಳಬೇಕು.) ಆ ಪ್ಯಾಡುಗಳನ್ನು ಬದಲಿಸಿದ್ದು 11,000 ಕಿ.ಮೀ. ಕಳೆದ ಮೇಲೆ, ಅದೂ ಶೋರೂಮಿನಲ್ಲೇ, ಅಸಲಿ ಭಾಗ ಹಾಕಿಸಿಕೊಂಡು.

ಅಲ್ಲಿಗೆ ಮತ್ತೆ ಹೋಗುವ ಮುನ್ನ ವ್ಯವಸ್ಥಾಪಕರನ್ನು ಕಂಡು, ಹರಿದ ಬುಷ್ಷನ್ನು ಮೇಜಿನ ಮೇಲಿಟ್ಟು ನಡೆದುದನ್ನು ಹೇಳಿದೆವು. ಧ್ವನಿ ಏರಿಸಲಿಲ್ಲ. ಅವರು ಒಳಗಿನಿಂದ ತಂತ್ರಜ್ಞರನ್ನು ಕರೆಸಿದರು. ಹಿಂದೊಮ್ಮೆ ಸಿಲಿಂಡರಿನ ಸೋರಿಕೆ ಹಿಡಿದವರೇ ಬಂದರು. ಅಂದು ಆ ಗಾಡಿಯ ಚಕ್ರ ಬಿಚ್ಚಲು ತಮಗೆ ಯಾರೂ ಹೇಳಿರಲಿಲ್ಲ, ಪಟ್ಟಿಯನ್ನು ಮೀಟರು ನೋಡಿ ಮಾಡಿದ್ದು ಎಂದು ಅವರು ತಲೆ ತಗ್ಗಿಸಿ ಹೇಳಿದಾಗ ನಮಗೆ ಅವರ ಮೇಲೆ ಕನಿಕರವೇ ಉಂಟಾಯಿತು. ತಾನು ಬಲ್ಲ ಕೆಲಸವನ್ನು ಮಾಡಲು ಬಿಡದ ಕಡೆ ದುಡಿಯುವುದು ಸುಲಭವಲ್ಲ. ಆ ದಿನದಿಂದ ನಮ್ಮ ಕಾರಿನ ಜಾಬ್ ಕಾರ್ಡಿನಲ್ಲಿ ನಾಲ್ಕು ಟೈರು ಮತ್ತು ಪ್ಯಾಡುಗಳ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆದು, ಅಳೆದವರು ಸಹಿ ಹಾಕುತ್ತಾರೆ. ಎಲ್ಲರ ಕಾರಿಗೂ ಹೀಗೆ ಬರೆಯುತ್ತೀರಾ ಎಂದು ಕೇಳಿದೆವು. ಕೇಳಿದವರಿಗೆ ಬರೆಯುತ್ತೇವೆ ಎಂದರು.

ಮುಂದಿನ ಸರ್ವಿಸ್ ಶವ್ವಾಲ್‌ನಲ್ಲಿ ಬರಲಿದೆ. ಮುಂದಿನ ಚಕ್ರಗಳ ಟೈರುಗಳಲ್ಲಿ ಈಗ 3 ಮಿ.ಮೀ. ಉಳಿದಿದೆ. ಮುಂಗಾರು ಬೀಳುವ ಮುನ್ನ ಅವೆರಡನ್ನೂ ತೆಗೆಯಬೇಕೆಂದು ಉಸ್ತಾದರು ತಮ್ಮ ವಹಿಯಲ್ಲಿ ನಮ್ಮ ಗಾಡಿಯ ನಂಬರಿನ ಮುಂದೆ ಬರೆದುಕೊಂಡಿದ್ದಾರೆ.